ಬೀಗರ ಗಾಡಿ

ಮೋಟಾರ್ ಸೈಕಲ್ ಕಂಪನಿಗಳ ಚರಿತ್ರೆಯನ್ನು ಅಯ್ಯಣ್ಣ ಹೇಳುತ್ತಿದ್ದುದು ಮದುವೆ ಮನೆಯ ಸುದ್ದಿ ಹೇಳುವ ಹಾಗೆ. ಬಳ್ಳಾರಿಯ ಕೌಲ್ ಬಜಾರಿನಲ್ಲಿದ್ದ ಅವನ ಗ್ಯಾರೇಜಿಗೆ ಹಳೆಯ ಗಾಡಿಯೊಂದು ಬಂದರೆ ಕೈಗಿಂತ ಮೊದಲು ಬಾಯಿ ಕೆಲಸಕ್ಕೆ ಇಳಿಯುತ್ತಿತ್ತು.

"ಜಾವಾ ಐತಲ್ಲ, ಅದು ಜೆಕ್ ದೇಶದ ಕೂಸು. ಮೈಸೂರಿಗೆ ಸೊಸಿಯಾಗಿ ಬಂತು, ನಮ್ಮ ನೀರು ಹಿಡಿಸಿದ ಮ್ಯಾಲೆ ಯೆಜ್ಡಿ ಅಂತ ಹೆಸರಿಟ್ರು. ರಾಜದೂತ್‌ದು ಪೋಲೆಂಡ್ ಸಂಬಂಧ. ಮುಂದ ಅದ ಮನಿಯವರು ಜಪಾನಿನ ಯಮಹಾದ ಕೂಡ ಬೀಗತನ ಮಾಡಿದ್ರು. ಆ ಕೂಸು ಪೆಟ್ರೋಲ್ ಭಾಳ ಕುಡೀತಿತ್ತು, ಬಾಳಲಿಲ್ಲ. ಬುಲೆಟ್ ಇಂಗ್ಲೆಂಡಿಂದ ಮದ್ರಾಸಿಗೆ ಬಂದಿದ್ದು. ತವರುಮನಿ ಮುಚ್ಚಿ ಹೋತು, ಕೊಟ್ಟ ಮನಿ ಉಳೀತು. ಇಂಥಾ ಸಂಬಂಧ ಕೂಡೂದ ಅಪರೂಪ, ಕೂಡಿ ಬಾಳೂದು ಇನ್ನೂ ಅಪರೂಪ!"

ಈ ಪುರಾಣವನ್ನು ಬೇಸರವಿಲ್ಲದೆ ಕೇಳುತ್ತಿದ್ದವನು ಸಿರುಗುಪ್ಪದ ಜಡೆಪ್ಪ ಒಬ್ಬನೇ. ಅವನು ಪಂಪ್‌ಸೆಟ್ ಮೆಕ್ಯಾನಿಕ್. ಸಿರುಗುಪ್ಪದ ಭತ್ತದ ಗದ್ದೆಗಳಲ್ಲಿ ಅವನು ಬಿಚ್ಚಿ ಕೂಡಿಸದ ಡೀಸೆಲ್ ಎಂಜಿನ್ ಇರಲಿಲ್ಲ. ಬಿಡಿಭಾಗ ಕೊಳ್ಳಲು ಬಳ್ಳಾರಿಗೆ ಬಂದಾಗಲೆಲ್ಲ ಅಯ್ಯಣ್ಣನ ಬೆಂಚಿನ ಮೇಲೆ ಕೂತು ಒಂದು ಚಹಾ ಕುಡಿದೇ ಹೋಗುವುದು. ಚಹಾ ಸ್ನೇಹವಾಯಿತು, ಸ್ನೇಹ ಬೀಗತನವಾಯಿತು. ಅಯ್ಯಣ್ಣನ ಒಬ್ಬಳೇ ಮಗಳು ಜ್ಯೋತಿಯನ್ನು ಜಡೆಪ್ಪನ ಮಗ ಮಾರೇಶನಿಗೆ ಕೊಡುವುದೆಂದು ಮಾತಾಯಿತು.

ಮದುವೆಗೆ ಗಾಡಿ ಕೊಡಬೇಕಲ್ಲ. ಅಂಗಡಿಯಿಂದ ಯಾವನು ಬೇಕಾದರೂ ತರುತ್ತಾನೆ, ನಾವೇ ಮಾಡೋಣ ಅಂದರು ಬೀಗರು. ಬುಲೆಟ್ ಕಂಪನಿಯವರೇ ಒಂದು ಕಾಲದಲ್ಲಿ ಬೇರೆ ಕಂಪನಿಯ ಡೀಸೆಲ್ ಎಂಜಿನ್ ತಂದು ತಮ್ಮ ಗಾಡಿಗೆ ಕೂಡಿಸಿದ್ದರು, ನಾವೇನು ಕಡಿಮೆ? ಅಯ್ಯಣ್ಣ ಹಳೆಯ ಬುಲೆಟ್ಟಿನ ಫ್ರೇಮ್ ತೆಗೆದು, ಎಂಜಿನ್ ಕೂರಲೆಂದು ಅಡಿಯ ಕೊಳವೆಯನ್ನು ಕತ್ತರಿಸಿ ಬೆಸುಗೆ ಹಾಕಿದ. ಜಡೆಪ್ಪ ಒಂದು ಡೀಸೆಲ್ ಎಂಜಿನ್ನನ್ನು ಪೂರಾ ಬಿಚ್ಚಿ, ತೊಳೆದು, ಕೂಡಿಸಿ ಕೊಟ್ಟ. ಆ ಗಾಡಿ ಅರವತ್ತರ ವೇಗ ಮುಟ್ಟಿದರೆ ಪುಣ್ಯ. ಅದರ ಸದ್ದಿಗೆ, ಗದ್ದೆಗೆ ಯಾರೋ ನೀರು ಬಿಟ್ಟರು ಅಂತ ರೈತರು ಎದ್ದು ನೋಡುತ್ತಿದ್ದರು. ಮಾರೇಶನಿಗೆ ಮಾತ್ರ ಅದು ಪಲ್ಲಕ್ಕಿ.

ಮರುವರ್ಷ ಅದೇ ಗಾಡಿಯಲ್ಲಿ ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೊರಟವನು ಕುರುಗೋಡು ದಾಟಿ ಕಾಲುವೆ ಸೇತುವೆಯ ಹತ್ತಿರ ಬಿದ್ದ. ಕಟ್ಟೆಗೆ ತಲೆ ಬಡಿಯಿತು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು. "ಎದುರಿಗೆ ಯಾರೂ ಇದ್ದಿಲ್ಲ. ಗಾಡಿ ಒಮ್ಮಿಗೆ ನಿಂತ್ಬಿಡ್ತು, ಹುಡುಗ ಹಾರಿ ಬಿದ್ದ" ಅಂದ ಅಲ್ಲೇ ಕುರಿ ಮೇಯಿಸುತ್ತಿದ್ದವನು.

ಗಾಡಿ ಒಮ್ಮೆಲೇ ಯಾಕೆ ನಿಲ್ಲುತ್ತದೆ? ಎಂಜಿನ್ ಜಾಮ್ ಆಗಿರಬೇಕು, ಇಲ್ಲವೇ ಬೆಸುಗೆ ಬಿಟ್ಟು ಎಂಜಿನ್ ಕುಸಿದಿರಬೇಕು. ಇಬ್ಬರು ಅಪ್ಪಂದಿರಿಗೂ ಇದು ಗೊತ್ತಿತ್ತು, ಇಬ್ಬರೂ ಬಾಯಿ ಬಿಡಲಿಲ್ಲ. ಮಣ್ಣು ಕೊಟ್ಟ ದಿನ ಒಬ್ಬರ ಮುಖ ಒಬ್ಬರು ನೋಡದೆ ಎದ್ದು ಹೋದರು. ಕೂಡಿ ಮಾಡಿದ ಕೆಲಸದಲ್ಲಿ ಹೊಗಳಿಕೆಯನ್ನು ಹಂಚಿಕೊಳ್ಳಬಹುದು, ಹೆಣವನ್ನು ಹೇಗೆ ಹಂಚಿಕೊಳ್ಳುವುದು?

ಜಪ್ತಿಯಾದ ಗಾಡಿ ಠಾಣೆಯ ಬೇಲಿಯೊಳಗೆ ಎರಡು ಮಳೆಗಾಲ ನೆನೆಯಿತು. ಇಬ್ಬರಲ್ಲಿ ಯಾರೂ ಅದನ್ನು ನೋಡಲು ಹೋಗಲಿಲ್ಲ. ಜಡೆಪ್ಪ ಪಾನಾ ಹಿಡಿಯುವುದನ್ನೇ, ಎಂಜಿನ್ ಮುಟ್ಟುವುದನ್ನೇ ಬಿಟ್ಟ. ಜ್ಯೋತಿ ಸಿರುಗುಪ್ಪದಲ್ಲೇ ಉಳಿದಳು. "ನಮ್ಮ ಮನಿಗೆ ಬಾರವ್ವ" ಅಂತ ಅಯ್ಯಣ್ಣ ಫೋನಿನಲ್ಲಿ ಬೇಡಿಕೊಂಡಾಗಲೆಲ್ಲ, "ಮಾವ ನಾ ಬಡಿಸಿದ್ರ ಅಷ್ಟ ಉಣ್ತಾನಪ್ಪ" ಅನ್ನುವಳು.

ಕೇಸು ಮುಗಿದು, ಗಾಡಿ ಒಯ್ಯಿರಿ ಅಂತ ಠಾಣೆಯವರು ಹೇಳಿದ ದಿನ ಫೋನ್ ಮಾಡಿದವಳು ಅವಳೇ. "ಅಪ್ಪಾ, ನೀ ಇಲ್ಲಿಗೆ ಬರೂದಿಲ್ಲ, ಮಾವ ಅಲ್ಲಿಗೆ ಬರೂದಿಲ್ಲ. ನಿಮ್ಮಿಬ್ಬರ ನಡುವ ನಾ ಸಾಯಾಕತ್ತೀನಿ. ಗಾಡಿ ತಂದಿಡು. ಐತವಾರ ಮಾವನ್ನ ಕರಕೊಂಡು ಬರ್ತೀನಿ, ಇಬ್ಬರೂ ಕೂಡಿ ಬಿಚ್ಚಿ ನೋಡ್ರಿ. ಯಾರದ ತಪ್ಪಿರಲಿ, ನನಗ ಗೊತ್ತಾಗಬೇಕು."

ಅಯ್ಯಣ್ಣ ಲಗೇಜ್ ಆಟೋದಲ್ಲಿ ಗಾಡಿ ತಂದ. ಅಡಿಯ ಕೊಳವೆಗೆ ಮಣ್ಣು ಮೆತ್ತಿ ಬೆಸುಗೆ ಕಾಣುತ್ತಿರಲಿಲ್ಲ. ಬೀಗ ಬರುವ ತನಕ ಮುಟ್ಟಬಾರದು ಎಂಬ ಮಾತಿತ್ತು. ಶನಿವಾರ ಮಧ್ಯಾಹ್ನ ಅವನಿಗೆ ತಡೆಯಲಾಗಲಿಲ್ಲ. ಬಾಗಿಲೆಳೆದುಕೊಂಡು ಮಣ್ಣು ಕೆರೆದ. ಬೆಸುಗೆ ಹಾಕಿದ ದಿನದ ಹಾಗೇ ಗಟ್ಟಿಯಾಗಿತ್ತು. ಆಮೇಲೆ ಎಂಜಿನ್ ಬಿಚ್ಚಿದ. ಪಿಸ್ಟನ್ ಸುಟ್ಟು ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಎಂಜಿನ್ ಕೂಡಿಸುವಾಗ ಪ್ಯಾಕಿಂಗಿಗೆ ಹಚ್ಚುವ ಅಂಟಿನ ಉಂಡೆಯೊಂದು ಒಣಗಿ, ಕಳಚಿ ಬಂದು, ಎಣ್ಣೆ ಹರಿಯುವ ಸಣ್ಣ ದಾರಿಗೆ ಅಡ್ಡ ಕೂತಿತ್ತು.

"ನಂದಲ್ಲ" ಅಂತ ಬಾಯಿಂದಲೇ ಬಂತು. ಎರಡು ವರ್ಷದ ಮೇಲೆ ಅವನು ಎದೆ ತುಂಬ ಉಸಿರೆಳೆದ. ಆ ಉಸಿರು ಹೊರಗೆ ಬರುವಷ್ಟರಲ್ಲಿ ತನ್ನ ಬಗ್ಗೆ ತನಗೇ ಅಸಹ್ಯವಾಯಿತು. ನಾಳೆ ಆ ಮುದುಕ ಈ ಉಂಡೆಯನ್ನು ನೋಡುತ್ತಾನೆ. ತನ್ನ ಕೈಯೇ ಮಗನನ್ನು ಕೊಂದಿತೆಂದು ತಿಳಿದ ಅಪ್ಪ ಹೇಗೆ ಬದುಕಿಯಾನು? ನಾನಾದರೆ ಅಳಿಯನನ್ನು ಕಳೆದುಕೊಂಡವನು, ಹೊತ್ತುಕೊಂಡೇನು. ಜ್ಯೋತಿ ನನ್ನ ಮುಖ ನೋಡಲಿಕ್ಕಿಲ್ಲ. ಅದನ್ನು ನೆನೆದು ಅವನು ಕಬ್ಬಿಣದ ಪುಡಿ ಬಿದ್ದ ನೆಲದ ಮೇಲೆ ಕೂತು ಅತ್ತ. ಅತ್ತು ಮುಗಿದ ಮೇಲೆ ಎಂಜಿನ್ನನ್ನು ಇದ್ದ ಹಾಗೇ ಮುಚ್ಚಿ, ಉಳಿ ಸುತ್ತಿಗೆ ಹಿಡಿದು ತನ್ನ ಬೆಸುಗೆಯನ್ನು ತಾನೇ ಒಡೆದ. ಅದು ಸುಲಭಕ್ಕೆ ಒಡೆಯಲಿಲ್ಲ. ಮುರಿದ ಬಾಯಿಗೆ ಹಳೆಯ ಎಣ್ಣೆ, ಮಣ್ಣು ಮೆತ್ತಿದ.

ಐತವಾರ ಜ್ಯೋತಿಯ ಜೊತೆ ಜಡೆಪ್ಪ ಬಂದ. ಅರ್ಧ ಇಳಿದುಹೋಗಿದ್ದ. "ಬರ್ರಿ ಬೀಗ್ರ" ಅಂದ ಅಯ್ಯಣ್ಣ. ಜ್ಯೋತಿ ಚಹಾ ಮಾಡಲು ಗ್ಯಾರೇಜಿನ ಹಿಂದಿನ ಮನೆಯೊಳಗೆ ಹೋದಳು.

"ಎಂಜಿನ್ ಬಿಚ್ಚೂದು ಬ್ಯಾಡ್ರಿ. ಇಲ್ಲಿ ನೋಡ್ರಿ, ನನ್ನ ಬೆಸುಗಿ ಬಿಟ್ಟೈತಿ" ಅಂದು ಅಯ್ಯಣ್ಣ ಮುರುಕನ್ನು ತೋರಿಸಿದ.

ಜಡೆಪ್ಪ ಮೊಣಕಾಲೂರಿ ಕೂತ. ಒರೆಸದೆ ಏನನ್ನೂ ಬಿಟ್ಟು ಗೊತ್ತಿದ್ದ ಕೈಯಲ್ಲ ಅದು. ಹೆಗಲ ಟವೆಲ್ ತೆಗೆದು ಮುರಿದ ಬಾಯಿಯನ್ನು ಒರೆಸಿದ. ಮಣ್ಣೂ ಎಣ್ಣೆಯೂ ಹೋಗಿ ಒಳಗಿನ ಕಬ್ಬಿಣ ಬೆಳ್ಳಗೆ ಹೊಳೆಯಿತು. ಎರಡು ಮಳೆಗಾಲ ಕಂಡ ಮುರುಕಾಗಿದ್ದರೆ ಕೆಂಪಗೆ ತುಕ್ಕು ಹಿಡಿದಿರಬೇಕಿತ್ತು.

ಜಡೆಪ್ಪ ಆ ಹೊಳಪಿನ ಮೇಲೆ ಬೆರಳಾಡಿಸಿದ.

"ನಿನ್ನಿ ಒಡದೀರಿ."

ಅಯ್ಯಣ್ಣ ಮುರುಕಿನ ಮೇಲೆ ಅಂಗೈ ಇಟ್ಟು ಮುಚ್ಚಿದ.

"ಅಂದ್ರ ಎಂಜಿನ್ ಬಿಚ್ಚಿ ನೋಡೀರಿ. ಏನಿತ್ರಿ ಒಳಗ? ಅಷ್ಟ ಹೇಳ್ರಿ."

"ಬ್ಯಾಡ್ರಿ ಬೀಗ್ರ."

"ಹೇಳ್ರಿ."

"ಎಣ್ಣಿ ದಾರಿಯಾಗ ಅಂಟು ಸಿಕ್ಕೊಂಡಿತ್ತು."

ಜಡೆಪ್ಪ ಮೆಲ್ಲಗೆ ತಲೆಯಾಡಿಸಿದ. "ಮದುವಿ ಹತ್ರ ಬಂದಿತ್ತು. ಗಡಿಬಿಡಿಯಾಗ ಜಾಸ್ತಿ ಹಚ್ಚಿದೆ" ಅಂದ. ಸುಳ್ಳು ಹೇಳಿ ಉಳಿಸಲು ಹೋದವನೇ ನಿಜವನ್ನು ಅವನ ಕೈಗಿಟ್ಟಂತಾಗಿತ್ತು.

ಜ್ಯೋತಿ ಚಹಾ ತಂದಳು. "ಏನಾಗಿತ್ತು?"

"ನನ್ನ ಬೆಸುಗಿ..." ಅಂತ ಅಯ್ಯಣ್ಣ ಶುರು ಮಾಡಿದ.

"ಸುಳ್ಳು" ಅಂದ ಜಡೆಪ್ಪ. "ನಿಮ್ಮಪ್ಪನ ಬೆಸುಗಿ ಗಟ್ಟಿ ಇತ್ತವ್ವ. ನನ್ನ ಎಂಜಿನ್ ಕಚ್ಚಿತ್ತು. ಅವನ್ನ ನಾನ ಕೊಂದೀನಿ."

ಜ್ಯೋತಿ ಕಪ್ಪುಗಳನ್ನು ನೆಲದ ಮೇಲಿಟ್ಟಳು. ಗೊತ್ತಾಗಬೇಕು ಅಂದವಳು ಅವಳೇ. ಗೊತ್ತಾದ ಮೇಲೆ ಏನು ಮಾಡಬೇಕೆಂದು ಯೋಚಿಸಿರಲಿಲ್ಲ ಪಾಪ. ಮಾವನ ಕಡೆ ಒಮ್ಮೆ ನೋಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಸ್ಸಿನ ಹೊತ್ತಾದರೂ ತೆಗೆಯಲಿಲ್ಲ. ಜಡೆಪ್ಪನೂ ಕರೆಯಲಿಲ್ಲ.

ಮಗಳು ಮನೆಯಲ್ಲಿ ಉಳಿದಳು. ಎರಡು ವರ್ಷ ಬೇಡಿಕೊಂಡದ್ದು ಸಿಕ್ಕಿತ್ತು, ಅಯ್ಯಣ್ಣನಿಗೆ ಅದನ್ನು ತಗೊಳ್ಳುವ ಮುಖವಿರಲಿಲ್ಲ. ಬಸ್ ನಿಲ್ದಾಣದ ತನಕ ಬೀಗನ ಹಿಂದೆ ನಡೆದ. ಸಿರುಗುಪ್ಪದ ಬಸ್ ಬಂತು. ಮೆಟ್ಟಿಲ ಮೇಲೆ ಕಾಲಿಟ್ಟು ಜಡೆಪ್ಪ ತಿರುಗಿದ.

"ಆಕಿಗೆ ಎರಡು ಸಲ ಕರೀರಿ ಬೀಗ್ರ. ಒಂದ ಕರಿಗೆ ಉಣ್ಣಾಕ ಏಳಂಗಿಲ್ಲ ಆಕಿ."