ಡಿಕ್ಕಿಯ ಕೀಲು

ನಮ್ಮ ಭಾವನನ್ನು ಬಳಗದವರೆಲ್ಲ ಕರೆಯುತ್ತಿದ್ದದ್ದು ‘ಪಾನಾ’ ಎಂದು. ಕುಡಿಯುವ ಪಾನವಲ್ಲ, ಬೋಲ್ಟು ಬಿಚ್ಚುವ ಪಾನಾ. ಹೊಸಬರು ಆ ಹೆಸರು ಕೇಳಿ ಹುಬ್ಬೇರಿಸಿದರೆ ಅಕ್ಕನೇ ಮುಂದೆ ಬಂದು, “ಇವರಿಗಿರೋ ಚಟ ಒಂದೇ, ಕಂಡಿದ್ದನ್ನೆಲ್ಲ ಬಿಚ್ಚೋದು” ಎಂದು ನಗಿಸುತ್ತಿದ್ದಳು. ಭಾವ ಲಿಫ್ಟ್ ಕಂಪನಿಯೊಂದರಲ್ಲಿ ಇಪ್ಪತ್ತಾರು ವರ್ಷದಿಂದ ರಿಪೇರಿ ಕೆಲಸದಲ್ಲಿದ್ದರು. ಅಕ್ಕ ರಫು ಮಾಡುವವಳು. ಸಿಗರೇಟಿನ ಕಿಡಿ ಬಿದ್ದ ಕೋಟು, ಇಲಿ ಕಡಿದ ಶಾಲು, ಮೊಳೆಗೆ ಸಿಕ್ಕಿ ಹರಿದ ಸೀರೆ, ಏನೇ ಬರಲಿ, ಅದೇ ಬಟ್ಟೆಯ ಅಂಚಿನಿಂದ ಎಳೆ ತೆಗೆದು, ತೂತು ಎಲ್ಲಿತ್ತೆಂದು ಕೊಟ್ಟವರಿಗೇ ತಿಳಿಯದ ಹಾಗೆ ನೇಯ್ದು ಕೊಡುತ್ತಿದ್ದಳು. ಮುರಿದದ್ದು ಇವರ ಪಾಲಿಗೆ, ಹರಿದದ್ದು ನನ್ನ ಪಾಲಿಗೆ ಎನ್ನುತ್ತಿದ್ದಳು.

ನಾನು ಅದೇ ಕಟ್ಟಡದ ಕೆಳಗಿನ ಮಹಡಿಯಲ್ಲಿದ್ದೆ. ಒಂಟಿ ಹೆಂಗಸು, ಊಟ ಮಾತ್ರ ಅಕ್ಕನ ಮನೆಯಲ್ಲಿ. ನಮ್ಮಿಬ್ಬರ ದನಿ ಎಷ್ಟು ಒಂದೇ ಎಂದರೆ, ಫೋನಿನಲ್ಲಿ ಅಮ್ಮನೇ “ಯಾರೇ ಅದು, ದೊಡ್ಡವಳೋ ಪುಟ್ಟಿಯೋ?” ಎಂದು ಕೇಳುತ್ತಿದ್ದಳು.

ಭಾವನ ಕಾರನ್ನು ಕೆಡಿಸಿದ್ದು ನಾನೇ. ಹಳೆಯ ಬೀರುವೊಂದನ್ನು ತರಲು ಅದನ್ನು ಎರವಲು ಪಡೆದಿದ್ದೆ. ಬೀರುವಿನ ಹಲಗೆಗಳನ್ನು ಕೆಳಗಿಳಿಸಿ, ಡಿಕ್ಕಿಯ ಮುಚ್ಚಳ ಮೇಲೆದ್ದು ನಿಂತಿದೆ ಎನ್ನುವುದನ್ನು ಮರೆತು, ಪಾರ್ಕಿಂಗಿನ ಒಳಕ್ಕೆ ರಿವರ್ಸ್ ತೆಗೆದೆ. ಮುಚ್ಚಳ ತಗ್ಗು ತೊಲೆಗೆ ಬಡಿಯಿತು. ಸದ್ದಿಗೆ ಮೂರು ಮನೆಯ ಕಿಟಕಿಗಳು ತೆರೆದುಕೊಂಡವು. ಭಾವ ಇಳಿದು ಬಂದವರು ಮುಚ್ಚಳವನ್ನು ಆಡಿಸಿ ನೋಡಿದರು. ಬಲಗಡೆಯ ಕೀಲಿನ ತೋಳು ಹಂಸದ ಕತ್ತಿನ ಹಾಗೆ ಬಾಗಿರಬೇಕಾದದ್ದು ಒಂದು ಪಕ್ಕಕ್ಕೆ ಸೊಟ್ಟಗಾಗಿತ್ತು.

“ಡಿಕ್ಕಿಯಿಂದಲೇ ಡಿಕ್ಕಿ ಹೊಡೆದವಳು ನೀನೊಬ್ಬಳೇ ಕಣೇ” ಎಂದು ನಕ್ಕರು.

“ಗ್ಯಾರೇಜಿಗೆ ಬಿಟ್ಟು ಬರ್ತೀನಿ ಭಾವ.”

“ಕಾರಿನ ಕೀಲಿಗೆ ಗ್ಯಾರೇಜಿಗೆ ಹೋದೆ ಅಂತ ಗೊತ್ತಾದ್ರೆ ನಮ್ಮ ಕಂಪನಿ ಹುಡುಗರು ನನ್ನ ಮುಖಕ್ಕೆ ಉಗೀತಾರೆ. ರಜೆ ದಿನ ಮಾಡೋಣ. ನೀನು ಮುಚ್ಚಳ ಹಿಡ್ಕೊಂಡು ನಿಂತ್ರೆ ಸಾಕು.”

ಆ ರಜೆಯ ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದೆವು. ಪಾರ್ಕಿಂಗಿನ ಮೂಲೆಯಲ್ಲಿ ಅವರದೊಂದು ಹಳೆ ಮೇಜು, ಅದಕ್ಕೆ ಕಚ್ಚಿಸಿದ, ಕಬ್ಬಿಣ ಬಿಗಿದು ಹಿಡಿಯುವ ವೈಸು. ಮುಚ್ಚಳ ತನ್ನಷ್ಟಕ್ಕೆ ಮೇಲೇಳಲು ಒಳಗೆ ಎರಡು ಉಕ್ಕಿನ ಕಂಬಿಗಳಿರುತ್ತವೆ. ಅಡ್ಡಡ್ಡ ಹಾಯ್ದು, ತಿರುಚಿಕೊಂಡು, ಬಿಗಿದು ಕೂತಿರುತ್ತವೆ. ಭಾವ ಅವನ್ನು ಒಂದೊಂದಾಗಿ ಸಡಿಲಿಸಿ, ಬೋಲ್ಟು ಬಿಚ್ಚಿದ ಮೇಲೆ ಇಬ್ಬರೂ ಸೇರಿ ಮುಚ್ಚಳವನ್ನು ಹಳೆ ಕಂಬಳಿಯ ಮೇಲೆ ಮಲಗಿಸಿದೆವು. ಸೊಟ್ಟ ತೋಳನ್ನು ವೈಸಿಗೆ ಸಿಕ್ಕಿಸಿ, ಕೆಂಪಗೆ ಕಾಯಿಸಿ, ಸುತ್ತಿಗೆಯಿಂದ ತಟ್ಟಿ, ಎಡಗಡೆಯದರ ಪಕ್ಕ ಹಿಡಿದು ಅಳೆದು, ಮತ್ತೆ ತಟ್ಟಿದರು. ಹನ್ನೆರಡೂವರೆ ಹೊತ್ತಿಗೆ ಎರಡೂ ಅವಳಿಜವಳಿಯ ಹಾಗಾದವು. ಮುಚ್ಚಳ ಮತ್ತೆ ಕೂತಿತು. ಉಳಿದದ್ದು ಕಂಬಿಗಳನ್ನು ತಿರುಚಿ ಅವುಗಳ ಜಾಗಕ್ಕೆ ಏರಿಸುವ ಕೆಲಸ.

ಡಿಕ್ಕಿಯೊಳಗೆ ಅರ್ಧ ಮೈ ತೂರಿಸುವ ಮೊದಲು ಭಾವ ನನ್ನ ಕಡೆ ತಿರುಗಿ ಬೆರಳೆತ್ತಿದರು.

“ಪುಟ್ಟಿ, ಇಲ್ಲಿ ಕೇಳು. ಈಗ ಪೈಪು ಹಾಕಿ ಕಂಬಿ ತಿರುಚ್ತೀನಿ. ಜಾರಿದ್ರೆ ಎತ್ತ ಹಾರುತ್ತೋ ದೇವರಿಗೇ ಗೊತ್ತು. ತೋಳು ಚಾಚಿ ಹಿಡಿ. ಮುಖ ಮಾತ್ರ ಒಳಗೆ ತರಬೇಡ. ಏನಾಗ್ತಿದೆ ಅಂತ ಬಗ್ಗಿ ನೋಡಬೇಡ. ತಿಳೀತಾ?”

“ತಿಳೀತು.”

ನಾನು ಹಾಗೇ ನಿಂತೆ. ಒಂದು ಕಂಬಿ ಏರಿತು. ಎರಡನೆಯದು ಹಟ ಹಿಡಿಯಿತು. ನನ್ನ ತೋಳು ಮರಗಟ್ಟಿತ್ತು, ಹಸಿವು ಬೇರೆ. ಅಷ್ಟರಲ್ಲಿ ಅಕ್ಕ ಮೆಟ್ಟಿಲಿಳಿದು ಬಂದಳು. ರಫುವಿನ ಕನ್ನಡಕ ತಲೆಯ ಮೇಲೇರಿತ್ತು, ಸೆರಗಿಗೆ ಎರಡು ಸೂಜಿ ಸಿಕ್ಕಿಸಿಕೊಂಡಿದ್ದಳು.

“ಊಟ ಆರಿ ತಣ್ಣಗಾಯ್ತು. ಇನ್ನೂ ಎಷ್ಟು ಹೊತ್ತು ಈ ಪೂಜೆ?” ಎಂದದ್ದು ಒಳಗೆ ಕಂಬಿ ಬಡಿಯುತ್ತಿದ್ದ ಭಾವನಿಗೆ ಕೇಳಿಸಲಿಲ್ಲ. ನನ್ನನ್ನು ನೋಡಿ ದನಿ ತಗ್ಗಿಸಿದಳು. “ಕೊಡೇ ಇಲ್ಲಿ, ಕೈ ಗಡಗಡ ಅಂತಿದೆ ನಿಂದು.”

ಅದೇ ಹೊತ್ತಿಗೆ ನನ್ನ ಫೋನು ಬಡಿದುಕೊಂಡಿತು. ತುರ್ತಿನದೇನೂ ಅಲ್ಲ, ಆಫೀಸಿನ ಗೆಳತಿಯದು. ನನಗೆ ಒಂದು ನೆಪ ಬೇಕಿತ್ತು, ಸಿಕ್ಕಿತು. ಮುಚ್ಚಳವನ್ನು ಅಕ್ಕನ ಕೈಗೆ ದಾಟಿಸಿ ಗೇಟಿನ ಕಡೆ ನಡೆದೆ. ದಾಟಿಸಿದ್ದು ಮುಚ್ಚಳವನ್ನಷ್ಟೇ. ಭಾವನ ಮಾತನ್ನು ದಾಟಿಸಲಿಲ್ಲ.

“ಹಿಡಿದಿದ್ದೀಯೇನೇ?” ಒಳಗಿಂದ ಭಾವ ಕೂಗಿದ್ದು ಕೇಳಿಸಿತು.

“ಹಿಡಿದಿದ್ದೀನಿ” ಎಂದಳು ಅಕ್ಕ, ನನ್ನದೇ ದನಿಯಲ್ಲಿ.

ಗೇಟು ಮುಟ್ಟುವಷ್ಟರಲ್ಲಿ ಠಣ್ ಎಂದಿತು. ಆಮೇಲೆ ಅಕ್ಕನ ದನಿ. ಕೂಗಲ್ಲ, ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಉಸಿರೆಳೆದ ಸದ್ದು. ಓಡಿ ಬಂದಾಗ ಅವಳು ನೆಲದ ಮೇಲೆ ಕೂತಿದ್ದಳು. ಎಡಗಣ್ಣನ್ನು ಎರಡೂ ಅಂಗೈಯಿಂದ ಮುಚ್ಚಿಕೊಂಡಿದ್ದಳು. ಬೆರಳ ಸಂದಿಯಿಂದ ರಕ್ತ ಮೊಣಕೈವರೆಗೆ ಇಳಿಯುತ್ತಿತ್ತು. ಪೈಪು ಅಷ್ಟು ದೂರ ಹೋಗಿ ಬಿದ್ದಿತ್ತು. ಭಾವ ಡಿಕ್ಕಿಯಿಂದ ಹೊರಬಂದು ಅವಳನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಅವಳನ್ನು ನೋಡಿದರು. “ನೀನು ಯಾವಾಗ ಬಂದೆ? ನೀನು ಯಾವಾಗ ಬಂದೆ?” ಎಂದು ಅದನ್ನೇ ಕೇಳುತ್ತಿದ್ದರು.

ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಹೋದೆವು. ಸಂಜೆ ನಾಲ್ಕಕ್ಕೆ ಡಾಕ್ಟರಮ್ಮ ಹೊರಗೆ ಬಂದು, ಮಾಸ್ಕು ಇಳಿಸಿ, ಕಣ್ಣು ಉಳಿಸಿಕೊಳ್ಳಲು ಆಗಲಿಲ್ಲ ಎಂದರು. ಇನ್ನೊಂದು ಕಣ್ಣಿಗೆ ಅಪಾಯವಿಲ್ಲ, ಅದೃಷ್ಟ ಅಂದುಕೊಳ್ಳಿ ಎಂದೂ ಹೇಳಿದರು. ಭಾವ ತಲೆಯಾಡಿಸಿದರು. ಅವರ ಕೈಗೆ ಗ್ರೀಸು ಇನ್ನೂ ಹಾಗೇ ಇತ್ತು.

ಮರುದಿನ ಅಕ್ಕನಿಗೆ ಪೂರ್ತಿ ಎಚ್ಚರವಾಯಿತು. ಮಾತಾಡುವಷ್ಟಾದ ಮೇಲೆ ಅವಳು ಮೊದಲು ಕೇಳಿದ್ದು ಇದನ್ನೇ.

“ರೀ, ಅದು ಹಾರುತ್ತೆ ಅಂತ ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಗೊತ್ತಿದ್ದೂ ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ದೆ ಕಣೇ... ಮುಖ ಒಳಗೆ ತರಬೇಡ ಅಂತ ಪುಟ್ಟಿಗೆ ಹೇಳಿದ್ದೆ.” ಭಾವ ನನ್ನ ಕಡೆ ತಿರುಗಿದರು. “ಹೇಳಿದ್ದೆ ಅಲ್ವೇನೇ ಪುಟ್ಟಿ?”

ಆ ಕೋಣೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಕಿಟಕಿಯ ಕಟ್ಟೆಯ ಮೇಲೆ ಖಾಲಿ ಲೋಟ, ಹಾಸಿಗೆಯ ಪಕ್ಕ ಹನಿ ಇಳಿಯುವ ಬಾಟಲಿ, ಬ್ಯಾಂಡೇಜಿನಿಂದಾಚೆ ನನ್ನನ್ನೇ ನೋಡುತ್ತಿದ್ದ ಅಕ್ಕನ ಒಂದೇ ಕಣ್ಣು. ಹೌದು ಎಂದರೆ ಮುಂದಿನ ಪ್ರಶ್ನೆ ನನಗೇ ಬರುತ್ತಿತ್ತು: ಮತ್ತೆ ನೀನ್ಯಾಕೆ ನನಗೆ ಹೇಳಲಿಲ್ಲ?

“ನನಗೆ ನೆನಪಿಲ್ಲ ಭಾವ” ಎಂದೆ. “ಕೇಳಿಸಿಕೊಂಡ ಹಾಗಿಲ್ಲ.”

ಅವರು ಜಗಳಕ್ಕೆ ಬರುತ್ತಾರೆ, ಬೆರಳೆತ್ತಿ ಹೇಳಿದ್ದನ್ನು ನೆನಪಿಸುತ್ತಾರೆ ಅಂದುಕೊಂಡಿದ್ದೆ. ಹಾಗೆ ಮಾಡಿದ್ದರೆ ನಾನು ಅಲ್ಲೇ ಒಪ್ಪಿಕೊಳ್ಳುತ್ತಿದ್ದೆನೇನೋ. ಅವರು ನನ್ನ ಮುಖ ನೋಡಿ, “ಹಾಗಾದ್ರೆ ಮನಸ್ಸಲ್ಲೇ ಅಂದುಕೊಂಡೆನೇನೋ” ಎಂದು ಎದ್ದು ಹೊರಗೆ ಹೋದರು. ನನ್ನ ಮಾತನ್ನು ನಂಬಿಬಿಟ್ಟರು. ನಾನು ಸುಳ್ಳು ಹೇಳುವವಳು ಎಂಬುದು ಅವರ ತಲೆಗೆ ಹೊಳೆಯಲೇ ಇಲ್ಲ.

ಮನೆಗೆ ಬಂದ ಮೇಲೆ ಅಕ್ಕ ಒಂದು ತಿಂಗಳು ಕೆಲಸ ಮುಟ್ಟಲಿಲ್ಲ. ಗಾಜಿನ ಕಣ್ಣು ಹಾಕಿಸಿಕೊಂಡು ಬಂದ ದಿನ ಕನ್ನಡಿಯನ್ನು ಗೋಡೆಯಿಂದ ಇಳಿಸಿದಳು. ಆಮೇಲೆ ಸೂಜಿ ಹಿಡಿದಳು. ಒಂದು ಕಣ್ಣು ಹೋದರೆ ಅರ್ಧ ಕಾಣುತ್ತದೆ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಸೂಜಿಯ ಮೊನೆಗೂ ಬಟ್ಟೆಗೂ ಎಷ್ಟು ದೂರ ಅನ್ನುವುದೇ ತಪ್ಪಿಹೋಗುತ್ತದೆ. ದಾರವನ್ನು ಸೂಜಿಯ ಕಣ್ಣಿನ ಪಕ್ಕದ ಗಾಳಿಗೆ ಪೋಣಿಸುತ್ತಿದ್ದಳು. ಒಂದು ಶಾಲಿನ ರಫು ಮುಗಿಸಲು ಎಂಟು ದಿನ ತೆಗೆದುಕೊಂಡಳು. ಕೊಟ್ಟವರು ಬಂದು ನೋಡಿ, ಎದ್ದುಕಂಡ ಎಳೆಯನ್ನು ಉಗುರಿನಿಂದ ಮುಟ್ಟಿ, ಮಡಚಿ ಚೀಲಕ್ಕೆ ಹಾಕಿಕೊಂಡು ಹೋದರು. ಆ ಸಂಜೆ ಅವಳು ಭಾವನ ಮೇಲೆ ಹರಿಹಾಯ್ದದ್ದು ಕೆಳಗೆ ನನ್ನ ಮನೆಗೂ ಕೇಳಿಸಿತು.

“ಊರವರ ಲಿಫ್ಟಿಗೆಲ್ಲ ಹುಷಾರು ಹುಷಾರು ಅಂತ ಬೋರ್ಡು ಹಾಕ್ತೀರಿ. ಕಟ್ಟಿಕೊಂಡ ಹೆಂಡತಿಗೆ ಒಂದು ಮಾತು ಹೇಳೋಕೆ ನಾಲಿಗೆ ಸವೆದು ಹೋಗ್ತಿತ್ತಾ?”

ಭಾವ ಎದುರಾಡಲಿಲ್ಲ. ಯಾವತ್ತೂ ಆಡಲಿಲ್ಲ. ಕಾರಿನ ಕೆಲಸವನ್ನು ಒಂದು ದಿನ ಒಬ್ಬರೇ ಮುಗಿಸಿದರು. ಮುಚ್ಚಳವನ್ನು ತೊಲೆಗೆ ಹಗ್ಗ ಕಟ್ಟಿ ನಿಲ್ಲಿಸಿ, ಸುತ್ತ ಯಾರೂ ಬರದಂತೆ ಕುರ್ಚಿಗಳನ್ನು ಅಡ್ಡ ಇಟ್ಟು. ಡಿಕ್ಕಿ ಹೊಸದರ ಹಾಗೆ ತೆರೆದು ಮುಚ್ಚುತ್ತಿತ್ತು. ಅಲ್ಲಿಯವರೆಗೆ ರಜೆಯಲ್ಲಿದ್ದವರು ಮಾರನೆಯ ವಾರ ಕೆಲಸಕ್ಕೆ ಹೋಗಿ, ಒಂದೇ ದಿನಕ್ಕೆ ನಿಲ್ಲಿಸಿದರು. ಸೊಂಟ ನೋವು ಎಂದರು. ನಾನೂ ಅದನ್ನೇ ನಂಬಿದೆ, ನಂಬುವುದು ಸುಲಭವಾಗಿತ್ತು.

ಅಕ್ಕನಿಗೆ ಏಟು ಬಿದ್ದು ಮೂರು ತಿಂಗಳಾದ ಮೇಲೆ ನಾನು ಕೆಲಸ ಮಾಡುವ ಕಚೇರಿಯ ಲಿಫ್ಟು ಕೆಟ್ಟಿತು. ರಿಪೇರಿಗೆ ಬಂದವರು ಭಾವನ ಕಂಪನಿಯವರೇ, ಅವರ ಜೊತೆ ಹದಿನೈದು ವರ್ಷ ದುಡಿದ ಮೆಕ್ಯಾನಿಕ್. ಮದುವೆ ಮುಂಜಿಗಳಲ್ಲಿ ನೋಡಿದ ಮುಖ. ಟೇಬಲ್ಲಿನ ಹತ್ತಿರ ಬಂದು ಸಹಿ ಮಾಡಿಸಿಕೊಳ್ಳುತ್ತ ಕೇಳಿದರು:

“ಅಣ್ಣ ಹೇಗಿದ್ದಾರಮ್ಮ?”

“ಸೊಂಟ ನೋವು ಇನ್ನೂ ಹೋಗಿಲ್ಲ.”

ಅವರು ಪೆನ್ನು ಮುಚ್ಚಿದರು. “ಸೊಂಟ ಅಂತ ಹೇಳಿದ್ದಾರಾ ಮನೇಲಿ? ಸೊಂಟಕ್ಕೆ ಏನೂ ಆಗಿಲ್ಲಮ್ಮ. ನಮ್ಮ ಕೆಲಸದಲ್ಲಿ ಒಬ್ಬ ಮೇಲೆ, ಒಬ್ಬ ಕೆಳಗೆ. ಲಿಫ್ಟು ಆಡಿಸೋ ಮುಂಚೆ ಕೆಳಗಿರೋನಿಗೆ ಕೂಗಿ ಹೇಳಬೇಕು. ಅಣ್ಣ ಮತ್ತೆ ಬಂದ ದಿನ ನನಗೆ ಕೂಗಿದ್ರು. ಕೂಗಿ ಒಂದು ನಿಮಿಷಕ್ಕೆ, ‘ನಾನು ಕೂಗಿದ್ನಾ?’ ಅಂತ ಕೇಳಿದ್ರು. ಹೌದಣ್ಣ ಅಂದೆ. ಮತ್ತೆ ಕೇಳಿದ್ರು. ಹತ್ತು ಸಲ ಕೇಳಿದ್ರು. ಮಧ್ಯಾಹ್ನ ಕೆಳಗೆ ಇಳಿದು ಬಂದು, ‘ನನ್ನ ಬಾಯಿಂದ ಬಂದಿದ್ದು ಯಾವುದು, ಮನಸ್ಸಲ್ಲಿ ಅಂದುಕೊಂಡಿದ್ದು ಯಾವುದು ನನಗೇ ಗೊತ್ತಾಗ್ತಿಲ್ಲ, ನಿನ್ನ ಜೀವ ನನ್ನ ಕೈಯಲ್ಲಿ ಬೇಡ’ ಅಂದು ಚೀಲ ಎತ್ತಿಕೊಂಡು ಹೋದವರು ತಿರುಗಿ ಬರಲಿಲ್ಲ.”

ನಾನು ಅರ್ಧ ದಿನದ ರಜೆ ಬರೆದುಕೊಟ್ಟೆ. ಬಸ್ಸಿನಲ್ಲಿ ನಿಲ್ಲಲಾಗದೆ ಎರಡು ನಿಲ್ದಾಣ ಮೊದಲೇ ಇಳಿದು ನಡೆದೆ.

ಅಕ್ಕ ಊಟದ ಮೇಜಿನ ಹತ್ತಿರ ಬಟ್ಟೆ ಮಡಚುತ್ತಿದ್ದಳು. ಭಾವ ಕಿಟಕಿಯ ಪಕ್ಕ ಕೂತು ಹೊರಗೆ ನೋಡುತ್ತಿದ್ದರು. ಆ ಕಿಟಕಿಯಿಂದ ಕಾಣುವುದು ಎದುರು ಮನೆಯ ಗೋಡೆ ಮಾತ್ರ. ಕೂತರೆ ಮಾತು ಹೊರಡಲಾರದು ಅನ್ನಿಸಿ ನಿಂತುಕೊಂಡೇ ಹೇಳಿದೆ.

“ಭಾವ, ನೀವು ಹೇಳಿದ್ರಿ. ಬೆರಳೆತ್ತಿ ಹೇಳಿದ್ರಿ. ನಾನು ತಿಳೀತು ಅಂದಿದ್ದೆ. ಆಸ್ಪತ್ರೇಲಿ ಸುಳ್ಳು ಹೇಳಿದೆ.”

ಅವರು ತಿರುಗಿದರು. ಕೋಪ ಕಾಣಲಿಲ್ಲ. ಕಿವಿ ಮಂದವಾದವರ ಹಾಗೆ ಮುಂದಕ್ಕೆ ಬಾಗಿದರು.

“ನಾನು ಏನು ಹೇಳಿದ್ದೆ? ಇದ್ದದ್ದು ಇದ್ದ ಹಾಗೆ ಹೇಳು.”

“ಪೈಪು ಹಾಕಿ ಕಂಬಿ ತಿರುಚ್ತೀನಿ, ಜಾರಿದ್ರೆ ಎತ್ತ ಹಾರುತ್ತೋ ದೇವರಿಗೇ ಗೊತ್ತು ಅಂದ್ರಿ. ತೋಳು ಚಾಚಿ ಹಿಡಿ, ಮುಖ ಒಳಗೆ ತರಬೇಡ, ಬಗ್ಗಿ ನೋಡಬೇಡ ಅಂದ್ರಿ.”

“ಬಗ್ಗಿ ನೋಡಬೇಡ ಅಂತಲೂ ಅಂದಿದ್ನಾ?”

“ಅಂದ್ರಿ.”

“ಹ್ಞಾಂ” ಎಂದರು. “ಅಂದಿದ್ದೆ. ಅಂದಿದ್ದೆ.” ಆಮೇಲೆ ಮುಖ ಮುಚ್ಚಿಕೊಂಡು ಅತ್ತರು. ಇಪ್ಪತ್ತು ವರ್ಷದಲ್ಲಿ ನಾನು ಅವರ ಅಳು ಕೇಳಿದವಳಲ್ಲ. ಹತ್ತಿರ ಹೋಗಲು ನನಗೆ ಮುಖವಿರಲಿಲ್ಲ.

ಅಕ್ಕ ಮಡಚುತ್ತಿದ್ದ ಅಂಗಿಯನ್ನು ಪೂರ್ತಿ ಮಡಚಿ ಇಟ್ಟಳು.

“ನೀನು ನನಗೆ ಹೇಳೋಕೆ ಮರೆತೆ, ಅದನ್ನ ಬಿಡು” ಎಂದಳು. “ಫೋನು ಬಂತು, ಮರೆತೆ. ನಾನೂ ಮರೀತಿದ್ದೆನೇನೋ. ಆದ್ರೆ ಮೂರು ತಿಂಗಳು ನಾನು ಈ ಮನುಷ್ಯನಿಗೆ ಏನೇನು ಅಂದೆ ಅಂತ ನಿನಗೆ ಗೊತ್ತಿತ್ತಲ್ಲೇ. ಕೆಳಗೆ ಕೂತು ಕೇಳಿಸಿಕೊಳ್ತಿದ್ದೆಯಲ್ಲೇ.”

“ಕೇಳಿಸ್ತಿತ್ತು.”

“ಊಟ ಮಾಡೋಕೆ ದಿನಾ ಬರ್ತಿದ್ದೆ.”

“ಬರ್ತಿದ್ದೆ.”

“ಈಗ ಹೋಗು” ಎಂದಳು. ಜೋರಾಗಿ ಅನ್ನಲಿಲ್ಲ. ನಾನು ಚಪ್ಪಲಿ ಮೆಟ್ಟುವಾಗ ಭಾವ ಏನೋ ಹೇಳಲು ಬಾಯಿ ತೆರೆದರು; ಅಕ್ಕ ಅವರ ಹೆಗಲ ಮೇಲೆ ಕೈಯಿಟ್ಟಳು.

ಭಾವ ಕಂಪನಿಗೆ ಮತ್ತೆ ಹೋಗಿ ಕೇಳಿದರು. ಅವರ ಜಾಗಕ್ಕೆ ಬೇರೆಯವರು ಬಂದಾಗಿತ್ತು. ಉಗ್ರಾಣದಲ್ಲಿ ಬಿಡಿಭಾಗ ಎಣಿಸಿ ಕೊಡುವ ಕೆಲಸ ಸಿಕ್ಕಿತು, ಅದನ್ನೇ ಮಾಡುತ್ತಿದ್ದಾರೆ. ಆಮೇಲೆ ಜಾಗ ಖಾಲಿಯಾಗಿ ಲಿಫ್ಟಿನ ಕೆಲಸಕ್ಕೆ ಮತ್ತೆ ಕರೆದಾಗ ಒಲ್ಲೆ ಎಂದರಂತೆ. ಹೇಳಿದ್ದು ನಿಜವೇ ಆದರೂ ಆ ಮೂರು ತಿಂಗಳು ತನ್ನನ್ನು ತಾನೇ ನಂಬದೆ ಕಳೆದದ್ದು ಒಳಗೆಲ್ಲೋ ಉಳಿದುಬಿಟ್ಟಿದೆ ಎಂದು ನನ್ನ ಹತ್ತಿರ ಒಮ್ಮೆ ಅಂದರು. ದೂರುವ ದನಿಯಲ್ಲಿ ಅಲ್ಲ. ಹವಾಮಾನದ ಸುದ್ದಿ ಹೇಳಿದ ಹಾಗೆ. ನನಗೆ ಬೈಗುಳವೇ ಹಿತವಾಗಿರುತ್ತಿತ್ತು.

ಅಕ್ಕ ಈಗ ಇಬ್ಬರು ಹೆಂಗಸರಿಗೆ ರಫು ಕಲಿಸುತ್ತಾಳೆ. ನೇಯ್ಗೆ ಸರಿಯಿದೆಯೋ ಇಲ್ಲವೋ ಎಂದು ಬೆರಳಿನಿಂದ ಸವರಿ ಹೇಳುತ್ತಾಳೆ. ನಾನು ತಿಂಗಳಿಗೊಮ್ಮೆ ಮೇಲೆ ಹೋಗುತ್ತೇನೆ. ಬರಬೇಡ ಎಂದಿಲ್ಲ. ಲೋಟಕ್ಕೆ ಚಹಾ ಬಗ್ಗಿಸಿ ಕೊಡುತ್ತಾಳೆ, ಆರೋಗ್ಯ ವಿಚಾರಿಸುತ್ತಾಳೆ. ಕುರ್ಚಿಯನ್ನು ಮಾತ್ರ ಯಾವಾಗಲೂ ತನ್ನ ಎಡಕ್ಕೆ ಎಳೆದು ಕೊಡುತ್ತಾಳೆ, ಅವಳಿಗೆ ಕಾಣದ ಕಡೆಗೆ. ನಾನು ಅಲ್ಲೇ ಕೂತು ಚಹಾ ಕುಡಿದು ಬರುತ್ತೇನೆ.