ಏಣಿ ಎಳೆದುಕೊಂಡವನು

ಮಳೆಗಾಲ ಹತ್ತಿರವಾಗಿತ್ತು. ವಿಧವೆ ಅಕೋಟಳ ಗುಡಿಸಲ ಮೇಲೆ ಕುಳಿತು ಲಮುನು ಹುಲ್ಲು ಹೊದಿಸುತ್ತಿದ್ದಳು. ಅವರ ಅಚೋಲಿ ಬುಡಕಟ್ಟಿನಲ್ಲಿ ಇದು ಗಂಡಸರ ಕೆಲಸ. ಅಂತರ್ಯುದ್ಧದಲ್ಲಿ ಗಂಡಸರೆಲ್ಲ ಕಾಡು ಸೇರಿದಾಗ ಅವಳು ಕಲಿತಿದ್ದಳು. ಈಗ ಗಂಡ ಒಲಾನ್ಯ ಮರಳಿದ್ದ. ಅವಳು ಸೂರು ಹತ್ತಿದಾಗಲೆಲ್ಲ ಹೊಡೆಯುತ್ತಿದ್ದ. ನಿನ್ನೆಯ ಪೆಟ್ಟಿಗೆ ಅವಳ ಮಣಿಕಟ್ಟು ಊದಿತ್ತು.

“ಇಳಿಯೇ! ಗಂಡಸರ ತಲೆ ಮೇಲೆ ಕೂರೋಕೆ ನಾಚಿಕೆ ಇಲ್ವಾ?” ಎನ್ನುತ್ತ ಅವನು ಏಣಿಯನ್ನೇ ಎಳೆದುಕೊಂಡ.

“ಹತ್ತಿದ್ರೂ ಹೊಡೀತೀಯ, ಹತ್ತದೆ, ಕೂಲಿ ಇಲ್ದೆ ಒಲೆ ಆರಿದ್ರೂ ಹೊಡೀತೀಯ. ಈಗ ಇಳಿ ಅಂತೀಯ, ಏಣಿ ಕಿತ್ಕೋತೀಯ. ನಾನೇನು ಹಾರ್ಲಾ ಮಾರಾಯ?”

ಅಕೋಟ್ ಕೂಲಿಯ ಜೋಳದ ಬುಟ್ಟಿ ತಂದಳು. ಒಲಾನ್ಯ ಕೈ ಚಾಚಿದ.

“ಈ ಕೂಲಿ ಸೂರಿನ ಮೇಲೆ ಕೂತವಳದ್ದು. ಮೊದಲು ಏಣಿ ಇಡು,” ಎಂದಳು ಅಕೋಟ್.

ಗೊಣಗುತ್ತ ಇಟ್ಟ. ಲಮುನು ಕೊನೆಯ ಕಟ್ಟನ್ನೂ ಬಿಗಿದು ಇಳಿದಳು, ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಅಕ್ಕನ ಮನೆಯ ದಾರಿ ಹಿಡಿದಳು.

“ಏಯ್, ಮನೆ ಈ ಕಡೆ ಕಣೇ!”

“ಆ ಮನೆ ಸೂರು ಸೋರ್ತಿದೆ. ಗಂಡಸಲ್ವಾ, ನೀನೇ ಹೊದಿಸ್ಕೋ. ಹೇಗೂ ಏಣಿ ಇದೆಯಲ್ಲ.”