ಬಾಗಿಲ ಹೊರಗಿನವನು

"ಬಗ್ಗೋಕೆ ಆಗ್ತಿಲ್ಲ ಕಣೋ, ಸ್ವಲ್ಪ ಲೇಸು ಕಟ್ಟು," ಎಂದು ದುಂಡಣ್ಣ ಕನ್ನಡಕದಂಗಡಿಯ ಕುರ್ಚಿಯಲ್ಲಿ ಕುಳಿತು ಕಾಲು ಚಾಚಿದ. ಓಟದ ಬೂಟಿನಿಂದ ಇನ್ನೂ ಹೊಸ ರಬ್ಬರಿನ ವಾಸನೆ ಬರುತ್ತಿತ್ತು. ಕಣ್ಣು ತೋರಿಸಲು ಬಂದವರು ಕೂರುವ ಕುರ್ಚಿ ಅದು. ಎದುರಿನ ಗೋಡೆಯ ಮೇಲೆ ಅಕ್ಷರಗಳು ಸಾಲಿನಿಂದ ಸಾಲಿಗೆ ಸಣ್ಣದಾಗುತ್ತ ಇಳಿದಿದ್ದವು.

ಕನ್ನಡಕದವನು ಕೈಯಲ್ಲಿದ್ದ ಫ್ರೇಮನ್ನು ಬಟ್ಟೆಯ ಮೇಲಿಟ್ಟು ಮಂಡಿಯೂರಿದ.

"ಬೂಟಿಗೆ ಬಗ್ಗೋಕಾಗದವನು ಊರು ಸುತ್ತ ಓಡ್ತೀಯಾ?"

"ಓಡುವಾಗ ಬಗ್ಗೋ ಕೆಲಸ ಇಲ್ವಲ್ಲ. ಹೊಟ್ಟೆ ಮುಂದೆ ಹೋಗುತ್ತೆ, ನಾನು ಹಿಂದೆ ಹೋಗ್ತೀನಿ."

ದುಂಡಣ್ಣನದು ಪಕ್ಕದ ಬೀದಿಯಲ್ಲಿ ಬೇಕರಿ. ಬನ್ನು ತಿಂದಲ್ಲ, ಬನ್ನಿನ ವಾಸನೆ ಕುಡಿದೇ ಈ ಮೈ ಬಂತೆಂದು ಅವನೇ ಹೇಳಿಕೊಳ್ಳುತ್ತಿದ್ದ. ಬಸ್ಸು ಹಿಡಿಯಲೂ ಓಡದಿದ್ದ ಮನುಷ್ಯ ಭಾನುವಾರದ ಊರಿನ ಓಟಕ್ಕೆ ಹೆಸರು ಕೊಟ್ಟಿದ್ದ. ಊರಾಚೆ ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಒಂದು ಆರೈಕೆಮನೆ ಇದೆ. ಅಲ್ಲಿ ಮಂಚಗಳು ಸಾಲುತ್ತಿಲ್ಲ, ಅದಕ್ಕೆ ಹಣ ಕೂಡಿಸಲು ಈ ಓಟ. ಕನ್ನಡಕದವನ ಹೆಂಡತಿ ಹೋದ ವರ್ಷ ಕಣ್ಣು ಮುಚ್ಚಿದ್ದು ಅಲ್ಲೇ, ಕಿಟಕಿ ಪಕ್ಕದ ಮಂಚದಲ್ಲಿ. ಲೇಸಿಗೆ ಎರಡು ಗಂಟು ಬಿತ್ತು.

"ಓಟ ಮುಗಿಯೋದು ನಮ್ಮ ಲಾಡ್ಜಿನ ಮುಂದೆ," ಎಂದ ದುಂಡಣ್ಣ. "ಅವತ್ತು ಮೇಲಿನ ಕೋಣೆ ಎಲ್ಲರಿಗೂ ತೆಗೀತಾರೆ. ಹೆಂಡತಿ, ಮಕ್ಕಳು, ದಾರೀಲಿ ಹೋಗೋರು, ಯಾರು ಬೇಕಾದ್ರೂ ಬರಬಹುದು. ಬಾಗಿಲು ನೀನೇ ತೆಗೀಬೇಕು."

ಇಬ್ಬರೂ ಫ್ರೀಮೇಸನ್ನರು, ಹಿಂದಿನ ಕಾಲದ ಕಲ್ಲುಕುಟಿಗರ ಹೆಸರು, ಉಡುಪು, ಆಚಾರ ಉಳಿಸಿಕೊಂಡಿರುವ ಗುಟ್ಟಿನ ಸಂಘದವರು. ಹಳೇ ಬೀದಿಯ ತುದಿಯಲ್ಲಿ, ಸದಾ ಕಿಟಕಿ ಮುಚ್ಚಿಕೊಂಡಿರುವ ಎರಡಂತಸ್ತಿನ ಕಟ್ಟಡ ಅವರ ಲಾಡ್ಜು. ಬೋರ್ಡು ನೋಡಿ ರೂಮು ಬಾಡಿಗೆಗೆ ಸಿಗುತ್ತದಾ ಎಂದು ಕೇಳಿದವರೂ ಉಂಟು. ಒಳಗೆ ಸಭೆ ಕೂತಾಗ ಒಬ್ಬ ಸದಸ್ಯ ಕತ್ತಿ ಹಿಡಿದು ಬಾಗಿಲ ಹೊರಗೆ ನಿಲ್ಲಬೇಕು: ಹೊರಗಿನವರು ಒಳಗೆ ನುಗ್ಗಬಾರದು, ಒಳಗಿನ ಮಾತು ಹೊರಗೆ ಬೀಳಬಾರದು. ಆ ಕೆಲಸ ಕನ್ನಡಕದವನದು. ಯೌವನದಲ್ಲಿ ಒಪ್ಪಿಕೊಂಡಿದ್ದ, ತಲೆ ನರೆತರೂ ಬೇರೆ ಯಾರೂ ಮುಂದೆ ಬರಲಿಲ್ಲ.

"ಗುಟ್ಟು ತಿಳೀಲಿ ಅಂತ ಸೇರಿದ್ರಿ, ನಿಮ್ಮನ್ನೇ ಹೊರಗೆ ನಿಲ್ಸಿದ್ರಲ್ರೀ!" ಎಂದು ಹೆಂಡತಿ ನಗುತ್ತಿದ್ದಳು. ಕತ್ತಿಯ ವಿಷಯಕ್ಕೂ ಅವಳದೊಂದು ಮಾತಿತ್ತು: "ಈರುಳ್ಳಿ ಹೆಚ್ಚೋಕೂ ಬರಲ್ಲ ಅದು." ಮದುವೆಯಾದ ಹೊಸದರಲ್ಲಿ ಒಂದೇ ಒಂದು ಸಲ, ಮೇಲಿನ ಕೋಣೆ ನೋಡಬೇಕು ಎಂದಿದ್ದಳು. ಹೆಂಗಸರಿಗೆ ಪ್ರವೇಶವಿಲ್ಲ ಎಂದ. ಸರಿ ಬಿಡಿ ಎಂದಳು. ಆಮೇಲೆ ಕೇಳಲಿಲ್ಲ. ಸಭೆಯಿದ್ದ ದಿನಗಳಲ್ಲೆಲ್ಲ ಅವನ ಬಿಳಿ ಕೈಗವಸು ಒಗೆದು ಕೊಟ್ಟಳು. ತನ್ನನ್ನು ಅಕ್ಕ ಎಂದು ಕರೆಯುತ್ತಿದ್ದ ದುಂಡಣ್ಣನ ಹೆಂಡತಿಯ ಜೊತೆ ಲಾಡ್ಜಿನ ಕೆಳಗಿನ ಅಡುಗೆಮನೆಯಲ್ಲಿ ಎಲ್ಲರ ಊಟ ನೋಡಿಕೊಂಡಳು. ಮೆಟ್ಟಿಲು ಮಾತ್ರ ಹತ್ತಲಿಲ್ಲ.

"ಬೇರೆ ಯಾರಿಗಾದ್ರೂ ಹೇಳು," ಎಂದು ಕನ್ನಡಕದವನು ಎದ್ದು ಮಂಡಿ ಝಾಡಿಸಿಕೊಂಡ. "ನೀರು ಹಿಡಕೊಂಡು ರಸ್ತೇಲಿ ನಿಲ್ತೀನಿ. ನಿನ್ನ ಜೊತೆ ಓಡು ಅಂದ್ರೂ ಓಡ್ತೀನಿ. ಬಾಗಿಲು ತೆಗೆಯೋದು ಮಾತ್ರ ಬೇಡ."

"ಯಾಕೋ?"

"ಒಂದು ವರ್ಷ ಮುಂಚೆ ತೆಗೀಬಾರದಾಗಿತ್ತಾ ಇವರಿಗೆ?"

ದುಂಡಣ್ಣ ಗೋಡೆಯ ಮೇಲಿನ ಅಕ್ಷರಗಳನ್ನು ನೋಡುತ್ತ ಕುಳಿತ. ಕೊನೆಗೆ, "ಕೆಳಗಿನ ಸಾಲು ನನಗೆ ಓದೋಕೇ ಬರ್ತಿಲ್ಲ," ಎಂದ.

"ಕನ್ನಡಕ ಹಾಕ್ಕೋ."

"ಹಾಕ್ಕೊಂಡಿದೀನಿ ಕಣೋ."

ಇಬ್ಬರೂ ನಕ್ಕರು. ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ.

ಶನಿವಾರ ಸಂಜೆ ಕನ್ನಡಕದವನು ಲಾಡ್ಜಿನ ಬೀಗದ ಕೈಯನ್ನು ಈ ವರ್ಷದ ಅಧ್ಯಕ್ಷನಿಗೆ ತಲುಪಿಸಿ ಬಂದ. ಅಧ್ಯಕ್ಷ ಹಲ್ಲಿನ ಡಾಕ್ಟರು, ಮಗನ ವಯಸ್ಸಿನವನು, ಮಾತಿನಲ್ಲಿ ಒಳ್ಳೆಯವನು. "ಕಾಲ ಬದಲಾಗ್ತಿದೆ ಅಣ್ಣಾ," ಎಂದ. "ಬಾಗಿಲು ಮುಚ್ಕೊಂಡೇ ಕೂತ್ರೆ ಕೊನೆಗೆ ಒಳಗೆ ಕುರ್ಚಿಗಳು ಮಾತ್ರ ಉಳೀತವೆ." ಅದು ಸುಳ್ಳೇನಲ್ಲ. ಹಿಂದೆ ಗೋಡೆಗೆ ಆತು ನಿಲ್ಲುವಷ್ಟು ಜನ ಸೇರುತ್ತಿದ್ದ ಕೋಣೆಯಲ್ಲಿ ಈಗ ಒಂದು ಸಾಲು ತುಂಬುವುದೂ ಕಷ್ಟ. ಆದರೆ ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂದು ಕಲಿತು ಬಂದವನು ಕನ್ನಡಕದವನು. ಕಷ್ಟದಲ್ಲಿದ್ದವರ ಹೊಸ್ತಿಲಲ್ಲಿ ಕತ್ತಲಾದ ಮೇಲೆ ಏನಾದರೂ ಇಟ್ಟು, ಕದ ತಟ್ಟಿ, ಯಾರಾದರೂ ಹೊರಗೆ ಬರುವ ಮುಂಚೆ ಬೀದಿ ತಿರುಗಿದ್ದವನು. ಈಗ ಅದೇ ದಾನ ಬ್ಯಾನರು ಕಟ್ಟಿಕೊಂಡು ಓಡಲು ಹೊರಟಿತ್ತು. ಇದು ತಪ್ಪೆಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಮಂಚಗಳು ನಿಜವಾಗಿಯೂ ಬೇಕಾಗಿದ್ದವು. ಅಲ್ಲಿ ಮಂಚ ಖಾಲಿಯಾಗುವುದೆಂದರೆ ಏನೆಂದು ಅವನಷ್ಟು ಬಲ್ಲವರು ಆ ಲಾಡ್ಜಿನಲ್ಲಿ ಯಾರಿದ್ದರು?

ಭಾನುವಾರ ಬೆಳಿಗ್ಗೆ ಕೊನೆಯ ತಿರುವಿನಲ್ಲಿ ನೀರಿನ ಬಾಟಲಿಗಳನ್ನೂ ದುಂಡಣ್ಣನ ಬಟ್ಟೆಯ ಚೀಲವನ್ನೂ ಇಟ್ಟುಕೊಂಡು ನಿಂತ. ಮೊದಲು ಹುಡುಗರು ಗಾಳಿಯಂತೆ ಹೋದರು. ಅವರ ಹಿಂದೆ ಲಾಡ್ಜಿನ ನಾಲ್ಕಾರು ಸದಸ್ಯರು ಬಂದರು: ಚಡ್ಡಿಯ ಮೇಲೆ ನೀಲಿ ಅಂಚಿನ ಬಿಳಿ ಏಪ್ರನ್ನು! ಕಪ್ಪು ಪೆಟ್ಟಿಗೆಯಲ್ಲಿಟ್ಟು ಬೀದಿಯವರ ಕಣ್ಣಿಗೆ ಬೀಳದಂತೆ ಸಭೆಗೆ ಒಯ್ಯುತ್ತಿದ್ದ ಏಪ್ರನ್ನು ಹಾಡಹಗಲಲ್ಲಿ ಪಟಪಟ ಹಾರುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಹೆಂಗಸು, "ಇವರೆಲ್ಲ ಅಡುಗೆಯವರಾ?" ಎಂದು ಕೇಳಿದಳು.

"ಇಲ್ಲಮ್ಮ, ಕಲ್ಲುಕುಟಿಗರು," ಎಂದ.

"ಕಲ್ಲು ಎಲ್ಲಿ?"

"ಅದನ್ನೇ ಹುಡುಕ್ತಾ ಓಡ್ತಿದಾರೆ."

ದುಂಡಣ್ಣ ಎಲ್ಲರಿಗಿಂತ ಹಿಂದೆ, ಮಗುವಿನ ಗಾಡಿ ತಳ್ಳುತ್ತಿದ್ದ ತಾಯಿಯೊಬ್ಬಳ ಬೆನ್ನಿಗೆ ಬಂದ. ಓಟವೂ ಅಲ್ಲದ ನಡಿಗೆಯೂ ಅಲ್ಲದ ಏನೋ ಒಂದು. ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು. ಕನ್ನಡಕದವನು ಬಾಟಲಿ ಹಿಡಿದು ಪಕ್ಕದಲ್ಲೇ ಹೆಜ್ಜೆ ಹಾಕಿದ.

"ಸಾಕು, ನಿಂತ್ಕೋ. ಯಾರೂ ಏನೂ ಅನ್ನಲ್ಲ."

"ಮಾತಾಡಿಸ್ಬೇಡ... ಉಸಿರು ಖರ್ಚಾಗುತ್ತೆ." ಹತ್ತು ಹೆಜ್ಜೆ ನಡೆದು, ದುಂಡಣ್ಣ ತಾನೇ ಬಾಯಿಬಿಟ್ಟ. "ಮೇಲೆ ಅಗಲಿದವರ ನೆನಪಿನ ಮಾತು... ನಾನೇ ಹೇಳ್ಬೇಕು. ಈ ಸಲ ಮನೆಯವರ ಹೆಸರೂ ಸೇರಿಸ್ತಾರಂತೆ. ಅವಳ ಹೆಸರು... ನಾನೇ ಕೊಟ್ಟಿದೀನಿ. ಬಾರೋ."

ಕನ್ನಡಕದವನು ಗೆಳೆಯನ ಮೊಣಕೈಗೆ ಕೈ ಕೊಟ್ಟು ಲಾಡ್ಜಿನ ತನಕ ನಡೆಸಿಕೊಂಡು ಬಂದ. ಜನ ಚಪ್ಪಾಳೆ ತಟ್ಟಿದರು. ಮುಂಬಾಗಿಲು ಹಾರು ಹೊಡೆದಿತ್ತು. ಮೆಟ್ಟಿಲ ತುಂಬ ಹೆಂಗಸರು, ಮಕ್ಕಳು, ಫೋಟೋ ತೆಗೆಯುವವರು. ಮೇಲಿನಿಂದ "ಅಯ್ಯೋ, ಇಷ್ಟೇನಾ! ನಾನೇನೋ ಅಂದ್ಕೊಂಡಿದ್ದೆ," ಎಂದು ಯಾರೋ ಹೆಂಗಸು ನಕ್ಕದ್ದು ಕೇಳಿಸಿತು. ದುಂಡಣ್ಣನನ್ನು ನಾಲ್ಕು ಜನ ಹೆಚ್ಚುಕಡಿಮೆ ಎತ್ತಿಕೊಂಡೇ ಹತ್ತಿಸಿದರು. ಕನ್ನಡಕದವನ ಕಾಲು ಮೊದಲ ಮೆಟ್ಟಿಲಲ್ಲೇ ನಿಂತುಬಿಟ್ಟಿತು. ಗೆಳೆಯನ ಬಟ್ಟೆಯ ಚೀಲ ತನ್ನ ಕೈಯಲ್ಲೇ ಉಳಿದದ್ದು ಕಂಡು, ಅದನ್ನೇ ನೆಪ ಮಾಡಿಕೊಂಡು ಹಿಂದಿನ ಅಡುಗೆಮನೆಗೆ ನಡೆದ.

ದುಂಡಣ್ಣನ ಹೆಂಡತಿ ಒಬ್ಬಳೇ ಒಲೆಯ ಪಕ್ಕದ ಉದ್ದ ಬೆಂಚಿನ ಮೇಲೆ ಕೂತು ಲೋಟಗಳನ್ನು ಒರೆಸುತ್ತಿದ್ದಳು.

"ನೀನು ಮೇಲೆ ಹೋಗಲಿಲ್ವೇನಮ್ಮಾ?"

"ಅಕ್ಕ ಇಲ್ದೆ ನಾನೊಬ್ಳೇ ಹೋಗಿ ಏನು ನೋಡ್ಲಿ ಅಣ್ಣಾ? ಅಲ್ದೆ, ನೋಡೋದೇನಿದೆ? ಕೇಳಿದ್ದಾಯ್ತಲ್ಲ."

"ಏನು ಕೇಳಿದ್ದು?"

ಅವಳು ಲೋಟ ಒರೆಸುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು. ಆಮೇಲೆ ಒಲೆಯ ಮೇಲ್ಗಡೆ ಗೋಡೆಯಲ್ಲಿದ್ದ, ಅಂಗೈಯಗಲದ ಜಾಲರಿಯತ್ತ ಗದ್ದ ಎತ್ತಿ ತೋರಿಸಿದಳು. ಮೇಲಿನ ಕೋಣೆಯಿಂದ ಗಾಳಿಗೆಂದು ಇಳಿಸಿದ್ದ ಹಳೆಯ ಕೊಳವೆಯ ಬಾಯಿ ಅದು. ಮೇಲೆ ಜನ ಕೂರುತ್ತಿದ್ದರು. ಕುರ್ಚಿ ಎಳೆದ ಸದ್ದು, ಯಾರದೋ ಕೆಮ್ಮು, ಒಬ್ಬಳು ಮಗುವಿಗೆ "ಸುಮ್ನಿರು" ಎಂದದ್ದು, ಎಲ್ಲ ಪಕ್ಕದಲ್ಲೇ ನಡೆದಂತೆ ಕೇಳಿಸಿತು. ಇಷ್ಟು ವರ್ಷ ದಪ್ಪ ಬಾಗಿಲ ಹೊರಗೆ ನಿಂತು ಅವನು ಕೇಳಿದ್ದು ಬರೀ ಗುಂಯ್ ಎನ್ನುವ ಗದ್ದಲ.

"ನಿಮಗೆ ಗೊತ್ತಿರಲಿಲ್ವಾ?" ಎಂದಳು. "ಅಕ್ಕನಿಗೆ ಎಲ್ಲಾ ಬಾಯಿಪಾಠ. ಸೌಟು ತಿರುಗಿಸ್ತಾ ತುಟಿ ಅಲ್ಲಾಡಿಸೋರು, ದೇವರ ಪದ್ಯ ಹೇಳ್ಕೊಂಡ ಹಾಗೆ. ಮೇಲೆ ಸುತ್ತಿಗೆ ಮೂರು ಸಲ ಬಿದ್ರೆ ನೀರಿಗೆ ಉರಿ ಹಾಕೋ ಹೊತ್ತು. ನಮ್ಮನೆಯವರು ಮಾತು ಮರೆತು ನಿಂತ್ರೆ ಇಲ್ಲಿಂದಲೇ ಮೆಲ್ಲಗೆ ಹೇಳಿಕೊಡೋರು. ಮೇಲಕ್ಕೆ ಕೇಳ್ತಿತ್ತೋ ಇಲ್ವೋ, ಆ ದೇವರಿಗೇ ಗೊತ್ತು. ಇವರು ಮುಂದುವರೀತಿದ್ರು. ಊಟಕ್ಕೆ ಇಳಿದು ಬಂದು, 'ಇವತ್ತು ಹೇಗೋ ನೆನಪಾಯ್ತು' ಅಂತ ಜಂಬ ಬೇರೆ!"

ಕನ್ನಡಕದವನು ಚೀಲವನ್ನು ನೆಲಕ್ಕಿಟ್ಟ. "ನನಗೆ ಯಾವತ್ತೂ ಹೇಳಲಿಲ್ಲ."

"ಯಾಕೆ ಹೇಳಲ್ಲ ಅಂತ ನಾನೂ ಕೇಳಿದ್ದೆ. 'ಹೇಳಿದ್ರೆ ಅವರು ಮೇಲಿನವರಿಗೆ ಹೇಳ್ಬೇಕಾಗುತ್ತೆ, ಆಣೆ ಮಾಡಿದಾರೆ. ಹೇಳದೆ ಮುಚ್ಚಿಟ್ರೆ ನಿದ್ದೆ ಬರಲ್ಲ ಅವರಿಗೆ. ಪಾಪ, ಮಲಗ್ಲಿ ಬಿಡು' ಅಂದಿದ್ರು."

ಅವನು ಗೋಡೆಗೆ ಕೈಯೂರಿದ. ಆರೈಕೆಮನೆಯ ಆ ಕೊನೆಯ ದಿನಗಳಲ್ಲಿ ಅವಳ ತುಟಿ ಅಲುಗುತ್ತಿದ್ದುದು ನೆನಪಾಯಿತು. ನೀರು ಬೇಕೇನೋ ಎಂದು ಚಮಚ ಹಿಡಿಯುತ್ತಿದ್ದ. ಅವಳು ತಲೆ ಅಲ್ಲಾಡಿಸುತ್ತಿದ್ದಳು. ಮತ್ತೆ ಚಮಚ ಹಿಡಿಯುತ್ತಿದ್ದ.

ಮೇಲೆ ಸುತ್ತಿಗೆ ಮೂರು ಸಲ ಬಿತ್ತು. ದುಂಡಣ್ಣನ ಹೆಂಡತಿಯ ಕೈ ತಾನಾಗಿಯೇ ಒಲೆಯತ್ತ ಹೋಗಿ ಉರಿ ಹಚ್ಚಿತು. ಹಲ್ಲಿನ ಡಾಕ್ಟರು ಬಂದವರಿಗೆಲ್ಲ ನಮಸ್ಕಾರ ಹೇಳಿದ. ಅಗಲಿದವರ ಹೆಸರುಗಳನ್ನು ಒಂದೊಂದಾಗಿ ಓದಿದ. ಕೊನೆಯದು ಅವಳ ಹೆಸರು. ಕನ್ನಡಕದವನು ನೆಲ ನೋಡುತ್ತ ನಿಂತಿದ್ದ. ಆಮೇಲೆ ದುಂಡಣ್ಣನ ದನಿ ಏದುಸಿರಿನ ನಡುವೆ ಇಳಿದು ಬಂತು:

"ಹೊತ್ತು ತಂದ ಕಲ್ಲು ಗೋಡೆಯ ಸೇರಿತು, ಹೊತ್ತ ಕೈಗಳಿಗೆ ಬಿಡುವಾಯಿತು. ಕಟ್ಟಿದವರು ಎದ್ದು ಹೋದ ಮೇಲೂ..."

ದನಿ ನಿಂತಿತು.

"ಕಟ್ಟಿದವರು ಎದ್ದು ಹೋದ ಮೇಲೂ..."

ಮತ್ತೆ ನಿಂತಿತು. ಮೇಲೆ ಯಾರೂ ಅಲುಗಲಿಲ್ಲ. ಆ ಮಗು ಕೂಡ ಸುಮ್ಮನಾಗಿತ್ತು. ಪಾತ್ರೆಯಲ್ಲಿ ನೀರು ಸಣ್ಣಗೆ ಸದ್ದು ಮಾಡತೊಡಗಿತು. ದುಂಡಣ್ಣನ ಹೆಂಡತಿ ಒರೆಸುವ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಜಾಲರಿಯನ್ನೇ ನೋಡುತ್ತಿದ್ದಳು.

ಕನ್ನಡಕದವನು ಒಲೆಯ ಬಳಿಗೆ ಬಂದ. ಸೇರಿದ ಹೊಸದರಲ್ಲಿ ಬಾಯಿಪಾಠ ಮಾಡಿ, ಹೊರಗಿನವರೆದುರು ತುಟಿ ಬಿಚ್ಚೆನೆಂದು ಆಣೆಯಿಟ್ಟ ಮಾತು ಅದು. ಬಾಯನ್ನು ಜಾಲರಿಯ ಹತ್ತಿರ ತಂದು, ಮಲಗಿದವರನ್ನು ಎಬ್ಬಿಸದಂತೆ ಮಾತಾಡುವ ದನಿಯಲ್ಲಿ, "ಗೋಡೆ ಅವರ ಕೈಯಳತೆಯ ಮರೆಯದು," ಎಂದ.

ದುಂಡಣ್ಣನ ಹೆಂಡತಿ ಉರಿ ಸಣ್ಣ ಮಾಡಿದಳು. ಬೆಂಚಿನ ಮೇಲಿದ್ದ ಲೋಟಗಳನ್ನೆಲ್ಲ ತನ್ನ ಮಡಿಲಿಗೆ ಎತ್ತಿಕೊಂಡು, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಮಾಡಿಕೊಟ್ಟಳು.